ಹಿಡಿದಿಟ್ಟ ಸೀಟು

"ಯಾವುದಾದರೂ ಒಂದನ್ನ ಆರಿಸಿ ಅಪ್ಪ. ಸಂಜೆಯೊಳಗೆ ಆಸ್ಪತ್ರೆಗೆ ಹೊಸ ಇಮೇಲ್ ವಿಳಾಸ ಕೊಡಬೇಕು. ಇಲ್ಲಾಂದ್ರೆ ನಿಮ್ಮ ಆಪರೇಷನ್ ದಿನ ಇನ್ನೊಬ್ಬರ ಪಾಲಾಗುತ್ತೆ," ಎಂದಳು ಮಗಳು, ಗಾಜಿನ ಮೇಜಿನ ಮೇಲಿದ್ದ ಕನ್ನಡಕದ ಫ್ರೇಮುಗಳನ್ನು ಅತ್ತ ಸರಿಸಿ ಲ್ಯಾಪ್‌ಟಾಪಿಗೆ ಜಾಗ ಮಾಡುತ್ತ.

ಅಪ್ಪನ ಹಳೆಯ ಬಿಟ್ಟಿ ಇಮೇಲ್ ಸೇವೆ ಆ ವಾರವಷ್ಟೇ ಬಾಗಿಲು ಹಾಕಿತ್ತು. ಎದೆಯ ಆಪರೇಷನ್ನಿಗೆ ಅವರನ್ನು ಒಪ್ಪಿಸುವಷ್ಟರಲ್ಲಿ ಮಗಳಿಗೆ ಸಾಕುಬೇಕಾಗಿತ್ತು. ಈಗ ಒಂದು ವಿಳಾಸವಿಲ್ಲದೆ ಅದು ತಪ್ಪಿಹೋದೀತೆಂದು ಅವಳ ಜೀವ ಬಾಯಿಗೆ ಬಂದಿತ್ತು. ಅಪ್ಪನಿಗೆ ಅವಸರವೆಂಬುದೇ ಗೊತ್ತಿಲ್ಲ. ಗಿರಾಕಿಯ ಮೂಗಿನ ಮೇಲೆ ಮೂರು ಫ್ರೇಮುಗಳನ್ನಾದರೂ ಇಟ್ಟು ನೋಡದೆ ಕನ್ನಡಕ ಕೊಟ್ಟವರಲ್ಲ ಅವರು. ಇಮೇಲನ್ನೂ ಹಾಗೆಯೇ ನೋಡಬೇಕಂತೆ.

"ಮೊದಲನೇದು ಹೇಗೆ?"

"ಜಾಗ ಬೇಕಾದಷ್ಟು ಕೊಡ್ತಾರೆ. ಆದ್ರೆ ಪಕ್ಕದಲ್ಲಿ ಜಾಹೀರಾತು ಕುಣೀತಾ ಇರುತ್ತೆ."

"ಎರಡನೇದು?"

"ಜಾಗ ಕಮ್ಮಿ, ಜಾಹೀರಾತಿಲ್ಲ. ನಿಮಗೆ ಧಾರಾಳ ಸಾಕು. ಮೂರನೇದು ಹೋದ ತಿಂಗಳು ಶುರುವಾಗಿರೋದು. ಎಲ್ಲಾ ಕೊಡ್ತೀವಿ, ಅದೂ ಬಿಟ್ಟಿ ಅಂತಾರೆ. ನಂಗೆ ಯಾಕೋ ನಂಬಿಕೆ ಬರ್ತಿಲ್ಲ."

"ಬಿಟ್ಟಿ ಅಂದ್ಮೇಲೆ ಮೂವರೂ ಒಂದೇ ಕಣಮ್ಮ. ಎಲ್ಲೋ ಒಂದು ಕಡೆ ವಸೂಲಿ ಮಾಡ್ಕೊಳ್ತಾರೆ. ಎಲ್ಲಿ ನನ್ನ ಹೆಸರು ಸಿಗುತ್ತೆ ನೋಡು."

ಹೆಸರು 'ನಿಧಾನಪ್ಪ'. ತಮಾಷೆಗೆ ಅದನ್ನಿಟ್ಟವಳು ಅಮ್ಮ, ಆ ಹೆಸರಿನಲ್ಲಿ ಹಳೆಯ ಇಮೇಲ್ ತೆರೆದುಕೊಟ್ಟವಳೂ ಅವಳೇ. ಎಲ್ಲಿಗೆ ಹೊರಟರೂ ಅಪ್ಪ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಹೊತ್ತಾಗುತ್ತಿತ್ತು. ಅಮ್ಮ ಮೊದಲೇ ಹೋಗಿ ಬಸ್ಸು ಹತ್ತಿ, ಪಕ್ಕದ ಸೀಟಿನ ಮೇಲೆ ಕೊಡೆಯಿಟ್ಟು, ಯಾರು ಎಷ್ಟು ಗೊಣಗಿದರೂ ಜಗ್ಗದೆ ಕೂತಿರುತ್ತಿದ್ದಳು. ಒಮ್ಮೆ ಅಪ್ಪ ಯಾರೋ ಗೆಳೆಯ ಕರೆದನೆಂದು ಬೇರೆ ಸೀಟಿನಲ್ಲಿ ಕೂತದ್ದಕ್ಕೆ ವಾರವಿಡೀ ಮಾತು ಬಿಟ್ಟಿದ್ದಳು. ಮಗಳು ಅವಳ ಬಾಯಲ್ಲಿ 'ಗಡಿಬಿಡಿ'. "ಹಾಗೆ ಓಡಬೇಡ್ವೇ, ನಿಂಗೂ ಹಿಡಿದಿಟ್ಟಿರ್ತೀನಿ," ಎನ್ನುತ್ತಿದ್ದಳು. ಅಮ್ಮ ತೀರಿಕೊಂಡು ವರ್ಷ ಕಳೆದಿತ್ತು.

ಮೊದಲನೆಯದರಲ್ಲಿ ಹೆಸರು ಸಿಕ್ಕಿತು. ಎರಡನೆಯದರಲ್ಲೂ ಸಿಕ್ಕಿತು. "ಇದನ್ನೇ ಒತ್ತಿಬಿಡ್ತೀನಿ. ನಿಮ್ಮ ಫೋನಿಗೊಂದು ನಂಬರು ಬರುತ್ತೆ, ಅದನ್ನ ಹೇಳಿದ್ರೆ ಮುಗೀತು," ಎಂದಳು.

"ತಡಿ, ಮೂರನೇದನ್ನೂ ನೋಡಿಬಿಡು."

ಅವಳು ಹಲ್ಲು ಕಚ್ಚಿಕೊಂಡು ಅಲ್ಲಿಯೂ ಹೆಸರು ಹೊಡೆದಳು. ಪುಟ ಸ್ವಲ್ಪ ಹೊತ್ತು ಸುಮ್ಮನೆ ನಿಂತಿತು. ಆಮೇಲೆ ಅಕ್ಷರ ಮೂಡಿತು: 'ಈ ಹೆಸರನ್ನು ಹಿಡಿದಿಡಲಾಗಿದೆ.'

"ಯಾರೋ ತಗೊಂಡುಬಿಟ್ಟಿದ್ದಾರೆ ಬಿಡಿ."

"ನಿಧಾನಪ್ಪ ಅಂತ ಬೇರೆ ಯಾರಮ್ಮ ಹೆಸರಿಟ್ಕೊಳ್ತಾರೆ?"

ಮಗಳು 'ಕನ್ನಡಕ' ಎಂದು ಹೊಡೆದು ನೋಡಿದಳು. 'ಈ ಹೆಸರು ಬಳಕೆಯಲ್ಲಿದೆ' ಎಂದಿತು. ಕೈಗೆ ಬಂದ ಅಕ್ಷರಗಳನ್ನೆಲ್ಲ ಸೇರಿಸಿ ಹೊಡೆದಳು. 'ಈ ಹೆಸರು ಲಭ್ಯವಿದೆ' ಎಂದಿತು. ಮತ್ತೆ 'ನಿಧಾನಪ್ಪ' ಎಂದು ಹೊಡೆದರೆ ಮತ್ತದೇ, 'ಹಿಡಿದಿಡಲಾಗಿದೆ.' ಗೋಡೆಯ ತುಂಬ ಸಾಲಾಗಿ ನಿಂತಿದ್ದ ಖಾಲಿ ಕನ್ನಡಕಗಳೆಲ್ಲ ಪರದೆಯನ್ನೇ ನೋಡುತ್ತಿವೆ ಎಂದು ಅವಳಿಗೆ ಅನ್ನಿಸಿತು.

ಅಪ್ಪ ನಗುತ್ತಿದ್ದರು. ಅಮ್ಮ ಹೋದ ಮೇಲೆ ಆ ನಗುವನ್ನು ಅವಳು ನೋಡಿರಲಿಲ್ಲ.

"ಸರಿ ಹಾಗಾದ್ರೆ. ಅದನ್ನ ಮುಚ್ಚು," ಎಂದರು.

"ಮುಚ್ಚೋದಾ? ವಿಳಾಸ ಬೇಡವಾ? ಎರಡನೇದು ಖಾಲಿ ಇದೆ ಅಪ್ಪ, ದಮ್ಮಯ್ಯ ಅಂತೀನಿ."

"ಸೀಟು ಹಿಡಿದಿಟ್ಟ ಮೇಲೆ ಬೇರೆ ಕಡೆ ಹೋಗಿ ಕೂತ್ಕೊಳ್ಳೋದಾ? ಆಮೇಲೆ ನಿಮ್ಮಮ್ಮನನ್ನ ಮಾತಾಡಿಸೋರ್ಯಾರು?"

"ಅದು ಬರೀ ಕಂಪ್ಯೂಟರು. ಆಸ್ಪತ್ರೆಯವರು ಎಲ್ಲಿಗೆ ಬರೀಬೇಕು, ಅದನ್ನ ಹೇಳಿ."

ಅಪ್ಪ ತಮ್ಮ ಫೋನನ್ನು ಆಫ್ ಮಾಡಿ ಮೇಜಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಬೆರಳುಗಳಿಗೆ ಅಂಟಿದ್ದ ಗಾಜಿನ ಪುಡಿಯನ್ನು ತೊಳೆದುಕೊಂಡರು. ಬೀದಿಯಲ್ಲಿ ಇನ್ನೂ ಬಿಸಿಲಿತ್ತು, ಎದುರಿನ ಅಂಗಡಿಗಳಲ್ಲಿ ವ್ಯಾಪಾರ ಜೋರಾಗಿತ್ತು. ಅಪ್ಪ ಮಾತ್ರ 'ಮುಚ್ಚಿದೆ' ಎಂಬ ಹಲಗೆಯನ್ನು ಹೊರಗೆ ತಿರುಗಿಸಿದರು.

ಮಗಳಿಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಇದು ಯಂತ್ರದ ಎಡವಟ್ಟು ಎಂದು ಅಪ್ಪನಿಗೆ ತೋರಿಸಿಯೇ ತೀರಬೇಕೆಂದು ಅದೇ ಮೂರನೆಯ ಪುಟದಲ್ಲಿ 'ಗಡಿಬಿಡಿ' ಎಂದು ಹೊಡೆದಳು. ಈ ಸಲ ಪುಟ ಬಹಳ ಹೊತ್ತು ನಿಂತಿತು.

'ಈ ಹೆಸರನ್ನು ಹಿಡಿದಿಡಲಾಗಿದೆ. ಅವಸರವಿಲ್ಲ.'

ಅಪ್ಪನ ಹೆಸರಿಗೆ ಆ ಎರಡನೆಯ ಮಾತು ಬಂದಿರಲಿಲ್ಲ. ಅವಳು ತಿರುಗಿ ನೋಡಿದಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅಮ್ಮನ ಕೊಡೆಯಿತ್ತು.

"ಬಾಗಿಲು ನೀನೇ ಹಾಕ್ಕೊಂಡು ಬಾರಮ್ಮ," ಎಂದರು. "ನಂಗೆ ಹೊತ್ತಾಯ್ತು."