ಹಿರಿತನ

ಬಾವನ ಉಸಿರು ನಿಂತದ್ದು ಖಚಿತವಾದ ಕೂಡಲೇ ಮಿರ್ಟೋ ಓರಗಿತ್ತಿಯ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

"ಅಕ್ಕಾ, ಈಗಲೇ ಅಳಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನಮ್ಮನೆಯೋರು ಚಾವಡಿ ಒಳಗಿದಾರೆ!"

ಆಗತಾನೇ ವಿಧವೆಯಾದವಳು ಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡು ತಲೆಯಾಡಿಸಿದಳು. ಹಿಂದೆಂದೋ ಅವರ ಗಂಡಂದಿರ ಪೂರ್ವಜನಾದ ರಾಜನೊಬ್ಬ ಹೆತ್ತ ಮಗನನ್ನೇ ಬಲಿಗೆ ಎಳೆದು ತಂದ ಪಾಪ ಆ ವಂಶವನ್ನು ಇನ್ನೂ ಬಿಟ್ಟಿರಲಿಲ್ಲ. ವಂಶದ ಹಿರಿಯ ಊರ ಚಾವಡಿಯ ಹೊಸ್ತಿಲು ದಾಟುವಂತಿಲ್ಲ. ಒಳಗೆ ಸಿಕ್ಕಿಬಿದ್ದರೆ ಕೊರಳಿಗೆ ಹಾರ ಹಾಕಿ ಝೀಯುಸ್ ದೇವರ ಬಲಿಪೀಠಕ್ಕೇ ಕರೆದೊಯ್ಯುತ್ತಾರೆ. ರಾಜ್ಯ ಹೋಗಿ ಎಷ್ಟೋ ತಲೆಮಾರಾಗಿತ್ತು, ತಿನ್ನುವುದು ಎಲ್ಲರಂತೆ ಜವೆಗೋಧಿ ರೊಟ್ಟಿ. ಶಾಪ ಮಾತ್ರ ಪಿತ್ರಾರ್ಜಿತ. ಮಕ್ಕಳಿಲ್ಲದ ಬಾವ ಬದುಕಿರುವವರೆಗೆ ಅದು ಅವನ ತಲೆಯ ಮೇಲಿತ್ತು. ಈಗ ಅವನ ತಮ್ಮ ಸಿಮೋಸನ ತಲೆಗೆ ಬಂದಿತ್ತು. ಮಿರ್ಟೋಳ ಆ ಪುಣ್ಯಾತ್ಮ ಗಂಡ ಏನೂ ಅರಿಯದೆ ಚಾವಡಿಯಲ್ಲಿ ಊಟಕ್ಕೆ ಕೂತಿದ್ದ. ಈ ವರ್ಷ ಕುರಿಗಳೆಲ್ಲ ದಿನ ತುಂಬುವ ಮುನ್ನವೇ ಕಂದು ಹಾಕುತ್ತಿದ್ದವು. ದೇವರಿಗೆ ಬಲಿ ಬೇಕಾಗಿದೆ ಎಂದು ಊರು ಗುಸುಗುಡುತ್ತಿತ್ತು.

ಮಿರ್ಟೋ ಓಡಲಿಲ್ಲ. ಓಡಿದರೆ ನಾಲ್ಕು ಜನ ಯಾಕೆಂದು ಕೇಳುತ್ತಾರೆ. ತುಟಿಗೆ ನಗು ಅಂಟಿಸಿಕೊಂಡು ಚಾವಡಿಯ ಬಾಗಿಲಲ್ಲಿ ನಿಂತಳು.

"ಏನ್ರೀ, ಹೋರಿ ಹಗ್ಗ ಕಿತ್ಕೊಂಡಿದೆ. ಬೇಗ ಬನ್ನಿ."

ಊರ ಹಿರಿಯ ಆಂಟಿಮಾಖೋಸ್ ಬಾಯಲ್ಲಿದ್ದ ಆಲಿವ್ ಬೀಜ ಉಗಿದು ನಕ್ಕ. "ಲೋ ಸಿಮೋಸ್, ಹೋರಿ ಅಲ್ಲ ಕಣೋ! ನಿನ್ನ ಹಗ್ಗ ಉದ್ದ ಆಯ್ತು ಅಂತ ಎಳ್ಕೊಂಡು ಹೋಗೋಕೆ ಬಂದಿದಾಳೆ!"

"ಇರೇ, ಊಟ ಮುಗಿಸಿ ಬರ್ತೀನಿ," ಸಿಮೋಸ್ ರೊಟ್ಟಿ ಮುರಿದ. "ಅಂದಹಾಗೆ, ಅಣ್ಣ ಹೇಗಿದಾನೆ?"

ಇಡೀ ಚಾವಡಿ ಅವಳ ಮುಖವನ್ನೇ ನೋಡುತ್ತಿತ್ತು.

"ಕೆಮ್ಮು ಪೂರ್ತಿ ನಿಂತಿದೆ. ಮಲಗಿದಾರೆ. ಈಗ ನೀವು ಬರ್ತೀರೋ, ಇಲ್ಲ ನಾನೇ ಹೋಗಿ ಹೋರಿ ಹತ್ರ ತಿವಿಸ್ಕೊಳ್ಳಲೋ?"

ಸಿಮೋಸ್ ಗೊಣಗುತ್ತ ಎದ್ದ. ಕೈ ತೊಳೆದ. ಸಾಲದ್ದಕ್ಕೆ ಒಬ್ಬೊಬ್ಬರೊಡನೆಯೂ ಒಂದೊಂದು ತಮಾಷೆ ಮಾತು. ರಟ್ಟೆ ಹಿಡಿದು ಎಳೆದುಕೊಳ್ಳಬೇಕೆನ್ನಿಸಿತು ಅವಳಿಗೆ. ಕೊನೆಗೂ ಅವನ ಒಂದು ಕಾಲು ಹೊರಗೆ ಬಂತು, ಇನ್ನೊಂದೂ ಬಂತು. ಅಷ್ಟರಲ್ಲಿ ಓಣಿಯ ತುದಿಯಿಂದ ಓರಗಿತ್ತಿಯ ಗೋಳು ಊರಿಗೆಲ್ಲ ಕೇಳುವಂತೆ ಎದ್ದಿತು. ಪಾಪ, ಅವಳಾದರೂ ಎಷ್ಟು ಹೊತ್ತು ತಡೆದಾಳು?

ಸಿಮೋಸನಿಗೆ ಎಲ್ಲ ಅರ್ಥವಾಯಿತು. ಹೆಂಡತಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಒಳಗೆ ಅಗಿಯುತ್ತಿದ್ದ ಬಾಯಿಗಳು ಒಂದೊಂದಾಗಿ ನಿಂತವು. ಯಾರೂ ಕೂಗಲಿಲ್ಲ, ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಆಂಟಿಮಾಖೋಸ್ ಮೆಲ್ಲಗೆ ಎದ್ದು ನಿಂತು, ತನ್ನ ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ಬಹಳ ಮರ್ಯಾದೆಯಿಂದ ಕರೆದ:

"ಹೊರಗೇ ಯಾಕೆ ನಿಂತ್ರಿ ರಾಜರೇ? ಬನ್ನಿ, ಒಳಗೆ ಬನ್ನಿ."