ಮಗ್ಗದ ಕುಣಿಗೆ ಬಿಟ್ಟ ಜಾಗ

ಆಗ ನನಗೆ ಏಳೋ ಎಂಟೋ ವರ್ಷ. ಕೆಲವು ವಿವರಗಳನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಆದರೆ ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ಬಾಗಲಕೋಟೆಯ ಹೊಳೆದಂಡೆಯ ನಮ್ಮ ಹಳೆಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಣೆಕಟ್ಟಿನ ಹಿನ್ನೀರು ನಮ್ಮ ಓಣಿಗೂ ಬರುತ್ತದೆಂದು ಅಪ್ಪ ಹೊಸ ಮನೆಯ ನಕ್ಷೆಯನ್ನು ಪಡಸಾಲೆಯ ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದ. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ ಅಜ್ಜಿ ಬಗ್ಗಿ ನೋಡಿದಳು.

“ನನ್ನ ಕುಣಿ ಎಲ್ಲೈತೋ?”

“ಯವ್ವಾ, ಮಗ್ಗ ಬಿಚ್ಚಿ ಒಯ್ಯಬಹುದು. ಕುಣಿ ಹೆಂಗ ಒಯ್ಯೂದು?”

“ಹಂಗಾರ ನೀವು ಹೋಗ್ರಿ. ನಾ ಮೀನಿನ ಜೋಡಿ ಇರ್ತೇನಿ.”

ಅವ್ವ ಒಂದೆಳೆ ನೂಲು ಹರಿದು, ಅಜ್ಜಿಯ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದು, ಗಂಟು ಹಾಕಿ ಅಪ್ಪನ ಕೈಗಿಟ್ಟಳು. “ಇಷ್ಟು ಆಳ ತೋಡಿಸ್ರಿ. ಅಡಿಗಿಮನಿ ಸಣ್ಣದು ಮಾಡ್ರಿ.”

ಅಪ್ಪ ಒದ್ದೆ ಕೈಯಿಂದ ಅಡುಗೆಮನೆಯ ಗೆರೆ ಒರೆಸಿ ಅರ್ಧಕ್ಕೆ ತಂದ.

“ಇನ್ನ ನನ್ನ ಸೊಸಿಗೆ ಸಿಟ್ಟು ಬಂದ್ರ ಕೊಡ ಒಗಿಯಾಕ ಜಾಗಾ ಇಲ್ಲ” ಎಂದು ಅಜ್ಜಿ ಮತ್ತೆ ಲಾಳಿ ಎಸೆದಳು. ಎಲ್ಲರೂ ನಕ್ಕೆವು, ಅವ್ವನೂ.

ಎಷ್ಟೋ ವರ್ಷಗಳ ನಂತರ, ಹೊಸ ಮನೆಯ ಆ ಇಕ್ಕಟ್ಟಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳಿದ್ದೆ.

“ಅವ್ವಾ, ಆವತ್ತ ನಿನಗೇನು ಬೇಕಂತ ಯಾರರ ಕೇಳಿದ್ರೇನ?”