ಎರಡನೆಯ ಎಡೆ

ನೌಕಾಪಡೆಯ ಕೆಲಸ ಮುಗಿಸಿ ಊರಿಗೆ ಬಂದಿದ್ದರೂ ಅಪ್ಪನ ಹೆಸರು ಮೀಸಲು ಪಟ್ಟಿಯಲ್ಲಿತ್ತು. ಯುದ್ಧ ಶುರುವಾದಾಗ, ಕೂಡಲೇ ಹೊರಟು ಬಾ ಎಂದು ಕಾಗದ ಬಂತು. ಆಗ ನಾನು ಹತ್ತು ದಿನದ ಕೂಸು. ಆ ಕಾಗದ ಅಪ್ಪನ ಕೈಗೆ ಸಿಕ್ಕಿದ್ದು ಎರಡು ದಿನ ತಡವಾಗಿ. ಅವನು ಬಂದರು ತಲುಪುವಷ್ಟರಲ್ಲಿ ಅವನ ಹಳೆಯ ಹಡಗು ಹೊರಟುಹೋಗಿತ್ತು. ಇನ್ನೊಂದಕ್ಕೆ ಹತ್ತಿಸಿದರು. ಹಳೆಯ ಹಡಗು ಸುರಕ್ಷಿತವಾಗಿ ಹಿಂತಿರುಗಿತು, ಅಪ್ಪನಿದ್ದ ಹಡಗು ಮುಳುಗಿತು.

ಪೋಸ್ಟ್‌ಮ್ಯಾನ್ ಬೀರಣ್ಣನನ್ನು ಊರು ಕ್ಷಮಿಸಲಿಲ್ಲ. ಎದುರಿಗೇ ಬೈದರೂ ಅವನು ತಲೆ ತಗ್ಗಿಸಿ ನಡೆದುಬಿಡುತ್ತಿದ್ದ. ನಾನಂತೂ ಅವನನ್ನು ಮಾತನಾಡಿಸಿದವಳೇ ಅಲ್ಲ. ಆದರೂ ಪ್ರತಿ ವರ್ಷ ಅಪ್ಪನ ತಿಥಿಗೆ ತಪ್ಪದೆ ಬಂದು, ಜಗಲಿಯ ತುದಿಯಲ್ಲಿ ಕೂತು, ಅಮ್ಮ ಬಡಿಸಿದ್ದನ್ನು ಉಂಡು ಹೋಗುತ್ತಿದ್ದ.

ಈ ಮಳೆಗಾಲದಲ್ಲಿ ಬೀರಣ್ಣ ತೀರಿಕೊಂಡ. ಅಪ್ಪನ ತಿಥಿಯ ದಿನ ಅಮ್ಮ ಅವನ ಫೋಟೋದ ಮುಂದೆ ಎರಡು ಎಲೆ ಹಾಕಿ ಎಡೆ ಬಡಿಸತೊಡಗಿದಳು.

"ಇನ್ನೊಂದು ಯಾರಿಗೆ?"

"ಬೀರಣ್ಣನಿಗೆ."

ನನಗೆ ಮೈಯೆಲ್ಲ ಉರಿಯಿತು. "ಅಪ್ಪನ ಜೀವ ತೆಗ್ದವನಿಗೆ ಅಪ್ಪನ ಪಕ್ಕದಲ್ಲೇ ಎಡೆಯಾ?"

"ಹಾಗೆ ಹೇಳ್ಬೇಡ ಮಗಾ. ಅವ್ನು ಕಾಗದ ತಂದದ್ದು ಸರಿಯಾದ ದಿನವೇ."

"ಯಾರು ಹೇಳಿದ್ದು ನಿಂಗೆ?"

"ನನ್ನ ಕೈಯಲ್ಲೇ ಕೊಟ್ಟಿದ್ದ."

ಅಮ್ಮ ಎರಡನೆಯ ಎಲೆಗೆ ಪಾಯಸ ಬಡಿಸಿದಳು.

"ಮತ್ತೆ ಎರಡು ದಿನ ಅದು ಎಲ್ಲಿತ್ತು?"

"ಅಕ್ಕಿ ಡಬ್ಬಿಯೊಳಗೆ. ಹನ್ನೆರಡನೇ ದಿನ ನಿನ್ನ ಕಿವಿಯಲ್ಲಿ ಹೆಸರು ಹೇಳಿ ಹೋಗ್ಲಿ ಅಂತ ನಾನೇ ಅಡಗಿಸಿಟ್ಟಿದ್ದೆ."